ಸಾಣೆಯ ರೂಪಕ, ಸಾಣೆಯ ಧೂಳು

ಕಳೆದ ತಿಂಗಳು ಬಸವನಗುಡಿಯಲ್ಲಿ ಒಂದು ಪುಸ್ತಕ ಬಿಡುಗಡೆಗೆ ಹೋಗಿದ್ದೆ. ಮಾತಾಡಿದ ಮೂವರಲ್ಲಿ ಇಬ್ಬರು ಲೇಖಕರ ಗದ್ಯವನ್ನು ‘ಸಾಣೆ ಹಿಡಿದ ಗದ್ಯ’ ಎಂದು ಹೊಗಳಿದರು. ಮೂರನೆಯವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಒಳ್ಳೆಯ ವಿಮರ್ಶೆ ಸಾಣೆಕಲ್ಲಿನ ಹಾಗೆ, ತಾನು ಸವೆದು ಅಲಗನ್ನು ಹರಿತಗೊಳಿಸುತ್ತದೆ ಎಂದರು. ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ಆಮೇಲೆ ನನ್ನ ಅಂಗೈ ನೋಡಿಕೊಂಡೆ. ಅವತ್ತು ಬೆಳಿಗ್ಗೆ ಎಸ್.ಜೆ.ಪಿ. ರಸ್ತೆಯ ಅಂಗಡಿಯೊಂದರಲ್ಲಿ ಹಳೆಯ ಗ್ರೈಂಡರ್ ಒಂದನ್ನು ಮುಟ್ಟಿ ನೋಡಿ ಬಂದಿದ್ದೆ. ಬೆರಳ ಸಂದಿಯ ಕಪ್ಪು ಎರಡು ಸಲ ತೊಳೆದರೂ ಹೋಗಿರಲಿಲ್ಲ.

ಸವೆಯುವುದು ಕಲ್ಲು ಮತ್ತು ಅಲಗು ಎರಡೇ ಅಲ್ಲ ಎಂದು ಆ ಸಭೆಯಲ್ಲಿ ಎದ್ದು ಹೇಳಬೇಕಿತ್ತು. ಹೇಳಲಿಲ್ಲ. ಅದಕ್ಕೇ ಈ ಬರಹ.

ಮೊದಲು ಗ್ರೈಂಡರಿನ ಕಥೆ. ನಾವು ನಾಲ್ವರು ಗೆಳೆಯರು ಚಾಕು ಮಾಡುವ ಹುಚ್ಚಿಗೆ ಬಿದ್ದು ವರ್ಷವಾಯಿತು. ಇಬ್ಬರು ಸಾಫ್ಟ್‌ವೇರ್‌ನವರು, ಒಬ್ಬ ಶಿಲ್ಪಕಲೆ ಕಲಿತವನು, ಇನ್ನೊಬ್ಬ ಕನ್ನಡದಲ್ಲಿ ಪಿಎಚ್.ಡಿ. ಮಾಡುತ್ತಿರುವ ನಾನು. ಚಾಮರಾಜಪೇಟೆಯಲ್ಲಿ ಒಬ್ಬನ ಅಜ್ಜನ ಮನೆಯ ಹಿಂದೆ ತಗಡಿನ ಶೆಡ್ ಖಾಲಿಯಿತ್ತು. ಇಷ್ಟು ದಿನ ಅರ ಹಿಡಿದು ಉಜ್ಜಿದೆವು. ಈಗ ದುಡ್ಡು ಕೂಡಿಸಿ ಒಂದು ಬೆಲ್ಟ್ ಗ್ರೈಂಡರ್ ಕೊಳ್ಳೋಣ ಎಂದು ನಿಶ್ಚಯಿಸಿದೆವು. ಜಗಳ ಅಲ್ಲಿಂದ ಶುರುವಾಯಿತು.

ಗೊತ್ತಿಲ್ಲದವರಿಗಾಗಿ: ಚಾಕು ಮಾಡುವವರು ಬಳಸುವ ಗ್ರೈಂಡರಿನಲ್ಲಿ ಕಲ್ಲಿನ ಚಕ್ರವಿರುವುದಿಲ್ಲ. ಎರಡು ಇಂಚು ಅಗಲ, ಎಪ್ಪತ್ತೆರಡು ಇಂಚು ಸುತ್ತಳತೆಯ, ಅಂದರೆ ಸುಮಾರು 50 ಮತ್ತು 1830 ಮಿಲಿಮೀಟರಿನ ಉಜ್ಜುಪಟ್ಟಿಯೊಂದು ಮೂರು ನಾಲ್ಕು ಚಕ್ರಗಳ ಮೇಲೆ ಓಡುತ್ತದೆ. ಒಂದು ಚಕ್ರವನ್ನು ಮೋಟಾರು ತಿರುಗಿಸುತ್ತದೆ, ಇನ್ನೊಂದು ಪಟ್ಟಿಯನ್ನು ಬಿಗಿ ಹಿಡಿದು ಹಳಿ ತಪ್ಪದಂತೆ ನೋಡಿಕೊಳ್ಳುತ್ತದೆ. ಮುಂದೆ ಏನನ್ನು ಕೂರಿಸುತ್ತೀರಿ ಎಂಬುದೇ ಅಟ್ಯಾಚ್‌ಮೆಂಟ್. ಚಪ್ಪಟೆ ಪ್ಲೇಟನ್ ಕೂರಿಸಿದರೆ ಅಲಗಿನ ಇಳಿಜಾರು ಸಮತಟ್ಟಾಗಿ ಬರುತ್ತದೆ. ಹತ್ತು ಇಂಚಿನ ರಬ್ಬರು ಚಕ್ರ ಕೂರಿಸಿದರೆ ಅದೇ ಇಳಿಜಾರು ಒಳಬಾಗಿ, ಮೊನೆ ತೆಳ್ಳಗಾಗುತ್ತದೆ. ಬೆರಳು ಕೂರುವ ತಗ್ಗು ತೆಗೆಯಲು ಹೆಬ್ಬೆರಳ ಗಾತ್ರದ ಚಿಕ್ಕ ಚಕ್ರಗಳಿವೆ. ಹಿಡಿಯ ಮೈ ದುಂಡಗೆ ಮಾಡಲು ಹಿಂದೆ ಆಸರೆಯಿಲ್ಲದ ಸಡಿಲ ಪಟ್ಟಿ ಸಾಕು.

ನನ್ನ ಗೆಳೆಯರ ಪಟ್ಟಿಯಲ್ಲಿ ಇವೆಲ್ಲವೂ ಇದ್ದವು. ಚಿಕ್ಕ ಚಕ್ರಗಳೇ ಐದು ಅಳತೆಯವು. ಯಂತ್ರವನ್ನು ನಿಂತಲ್ಲೇ ಅಡ್ಡ ಮಲಗಿಸುವ ಕೀಲು ಬೇಕು, ಓರೆಯಾಗುವ ಮೇಜು ಬೇಕು ಎಂದು ಪಟ್ಟಿ ಬೆಳೆಯುತ್ತಲೇ ಇತ್ತು. ಅದರಲ್ಲಿ ಇಲ್ಲದ ವಸ್ತು ಒಂದೇ: ಧೂಳು ಹಿಡಿಯುವ ಯಾವುದೇ ವ್ಯವಸ್ಥೆ. “ಅದಕ್ಕೇನು, ಮೂಗಿಗೆ ಕರ್ಚೀಫು ಕಟ್ಟಿಕೊಂಡರಾಯಿತು” ಎಂದ ಶಿಲ್ಪಿ ಗೆಳೆಯ.

ಆ ಕರ್ಚೀಫನ್ನು ನಾನು ಚೆನ್ನಾಗಿ ಬಲ್ಲೆ.

ನನ್ನ ಸೋದರಮಾವ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಇದೇ ಚಾಮರಾಜಪೇಟೆಯ ಓಣಿಯೊಂದರಲ್ಲಿ, ಮೂರು ಜನ ದುಡಿಯುವ ಒಂದು ಕೋಣೆಯಲ್ಲಿ ಸಾಣೆಯಂತ್ರದ ಮುಂದೆ ನಿಂತವರು. ಹೋಟೆಲಿನ ತರಕಾರಿ ಚಾಕು, ಮಾಂಸದಂಗಡಿಯ ಕತ್ತಿ, ದರ್ಜಿಗಳ ಕತ್ತರಿ ಎಲ್ಲವೂ ಅವರ ಕೈಗೆ ಬರುತ್ತಿದ್ದವು. ಚಿಕ್ಕವನಿದ್ದಾಗ ನನಗೆ ಅವರು ವೀರನ ಹಾಗೆ ಕಾಣುತ್ತಿದ್ದರು: ಕತ್ತಲೆ ಕೋಣೆ, ಕಿಡಿಗಳ ಬಾಲ, ಮೂಗಿಗೆ ಕಟ್ಟಿದ ಕೆಂಪು ಕರ್ಚೀಫು. ಈಗ ಅವರು ಮೊದಲ ಮಹಡಿ ಹತ್ತಲು ಆರನೆಯ ಮೆಟ್ಟಿಲಲ್ಲಿ ಒಮ್ಮೆ, ಹನ್ನೆರಡನೆಯದರಲ್ಲಿ ಇನ್ನೊಮ್ಮೆ ನಿಲ್ಲುತ್ತಾರೆ. ಆಸ್ಪತ್ರೆಗೆ ಜೊತೆಗೆ ಹೋದವನು ನಾನೇ. ವೈದ್ಯರು ಬೀಡಿಯೋ ಸಿಗರೇಟೋ ಎಂದು ಕೇಳಿದರು. ಎರಡೂ ಇಲ್ಲ ಎಂದರೆ ನಂಬಲಿಲ್ಲ. ಏನು ಕೆಲಸ ಎಂದು ಕೇಳಲಿಲ್ಲ. ಶ್ವಾಸಕೋಶ ಗಟ್ಟಿಯಾಗಿದೆ ಎಂದು ಚೀಟಿಯಲ್ಲಿ ಬರೆದರು. ಅದು ಸಾಣೆಯ ಧೂಳಿನಿಂದಲೇ ಎಂದು ಇವತ್ತಿಗೂ ಯಾವ ಕಾಗದದಲ್ಲೂ ಇಲ್ಲ. ಕೇಳದ ಪ್ರಶ್ನೆಗೆ ಉತ್ತರ ಎಲ್ಲಿಂದ ಬರಬೇಕು?

ಕರ್ಚೀಫು ಯಾಕೆ ಸಾಲದು ಎಂಬುದು ಸರಳ. ಗ್ರೈಂಡರಿನಿಂದ ಎರಡು ಬಗೆಯ ಕಣ ಹೊರಡುತ್ತವೆ. ದಪ್ಪಗಿನವು ಕಿಡಿಯಾಗಿ ಉರಿದು ಕೆಳಗೆ ಬೀಳುತ್ತವೆ. ನಮ್ಮ ಕಣ್ಣು ಕಾಣುವುದು, ಕ್ಯಾಮೆರಾ ಹಿಡಿಯುವುದು, ಕವಿ ಬರೆಯುವುದು ಇವನ್ನೇ. ತೆಳ್ಳಗಿನವು ಬೀಳುವುದಿಲ್ಲ, ತೇಲುತ್ತವೆ. ಕೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದಿಟ್ಟುಕೊಂಡರೆ, ಶ್ವಾಸಕೋಶದ ತಳದವರೆಗೆ ಇಳಿಯುವ ಕಣ ನಾಲ್ಕೈದು ಮೈಕ್ರಾನಿಗಿಂತ ಚಿಕ್ಕದು. ಬಟ್ಟೆಯ ನೂಲುಗಳ ನಡುವಿನ ಕಿಂಡಿ ಅದಕ್ಕೆ ಊರಬಾಗಿಲಿದ್ದಂತೆ. ಯಂತ್ರ ನಿಲ್ಲಿಸಿ, ಕರ್ಚೀಫು ಬಿಚ್ಚಿ, ಅಲಗನ್ನು ಬೆಳಕಿಗೆ ಹಿಡಿದು ಮೆಚ್ಚಿಕೊಳ್ಳುವ ಹೊತ್ತಿನಲ್ಲೂ ಅದು ಕೋಣೆಯಲ್ಲಿ ತೇಲುತ್ತಲೇ ಇರುತ್ತದೆ.

ಇದು ಹೊಸ ವಿಷಯವೂ ಅಲ್ಲ. ಚಾಕುವಿಗೆ ಲೋಕದಲ್ಲೇ ಹೆಸರಾದ ಊರು ಇಂಗ್ಲೆಂಡಿನ ಶೆಫೀಲ್ಡ್. ಅಲ್ಲಿನ ಸಾಣೆಗಾರರ ಉಸಿರಾಟದ ಕಾಯಿಲೆಗೆ ಸಾಣೆಗಾರರ ಅಸ್ತಮಾ ಎಂದೇ ಹೆಸರಿತ್ತು. ಫ್ರೆಡರಿಕ್ ಎಂಗೆಲ್ಸ್ 1845ರಲ್ಲಿ ಇಂಗ್ಲೆಂಡಿನ ಕಾರ್ಮಿಕರ ಸ್ಥಿತಿಯ ಬಗ್ಗೆ ಬರೆದ ಪುಸ್ತಕದಲ್ಲಿ, ಆ ಊರಿನ ವೈದ್ಯ ನೈಟ್ ಕೊಟ್ಟ ಲೆಕ್ಕವಿದೆ: ನೀರಿಲ್ಲದೆ ಒಣಗಲ್ಲಿನಲ್ಲಿ ಸಾಣೆ ಹಿಡಿಯುವವರ ಸರಾಸರಿ ಆಯಸ್ಸು 35 ವರ್ಷ ಮುಟ್ಟುವುದು ಕಷ್ಟ, ನೀರು ಹಾಕಿ ಹಿಡಿಯುವವರದು 45 ದಾಟುವುದು ಅಪರೂಪ. ಕಲ್ಲನ್ನು ಮುಚ್ಚಿ, ಗಾಳಿಯಿಂದ ಧೂಳನ್ನು ಹೊರಗೆಳೆಯುವ ಸಾಧನ ಆಗಲೇ ಇತ್ತಂತೆ. ಕೆಲವು ಕಡೆ ಸಾಣೆಗಾರರೇ ಅದನ್ನು ಒಡೆದು ಹಾಕಿದರು. ಕೆಲಸ ಸುರಕ್ಷಿತವಾದರೆ ಇನ್ನಷ್ಟು ಜನ ಬಂದು ಕೂಲಿ ಇಳಿದೀತು ಎಂಬ ಭಯ. ಬದುಕಿಗಿಂತ ಕೂಲಿಯೇ ಹತ್ತಿರದಲ್ಲಿದ್ದವರ ಆ ಲೆಕ್ಕ ನನಗೆ ಅರ್ಥವಾಗುತ್ತದೆ. ಅರ್ಥವಾಗದಿರುವುದು ತಿಂಗಳ ಸಂಬಳ ಬರುವ, ಹವ್ಯಾಸಕ್ಕೆ ಚಾಕು ಮಾಡುವ ನಮ್ಮ ಲೆಕ್ಕ.

“ಅದು ಮರಳುಗಲ್ಲಿನ ಕಾಲ. ಈಗಿನ ಪಟ್ಟಿಯಲ್ಲಿ ಸಿಲಿಕಾ ಎಲ್ಲಿದೆ?” ಎಂದು ಸಾಫ್ಟ್‌ವೇರ್ ಗೆಳೆಯ ಕೇಳಿದ. ನ್ಯಾಯವಾದ ಪ್ರಶ್ನೆ. ಈಗಿನ ಪಟ್ಟಿಗಳ ಹರಳು ಅಲ್ಯುಮಿನಿಯಂ ಆಕ್ಸೈಡ್, ಜಿರ್ಕೋನಿಯಾ ಅಥವಾ ಸೆರಾಮಿಕ್. ಶೆಫೀಲ್ಡಿನ ಕಲ್ಲಿನಷ್ಟು ಕ್ರೂರವಲ್ಲ, ಒಪ್ಪುತ್ತೇನೆ. ಆದರೆ ನಾವು ಉಜ್ಜುತ್ತಿರುವುದೇನು? ಸ್ಟೇನ್‌ಲೆಸ್ ಉಕ್ಕಿನಲ್ಲಿ ಕ್ರೋಮಿಯಂ ಇದೆ. ಹಿಡಿಗೆ ಬೀಟೆಮರ ಬೇಕು ಎಂದವನು ಅವನೇ, ಅದರ ಪುಡಿ ಹಲವರ ಚರ್ಮಕ್ಕೂ ಉಸಿರಿಗೂ ಆಗುವುದಿಲ್ಲ. ಇನ್ನೊಂದು ಹಿಡಿಗೆ ಗಾಜಿನ ನಾರು ಮತ್ತು ರಾಳದ ಹಲಗೆ ಬೇಕು ಎಂದವನೂ ಅವನೇ. ಸಿಲಿಕಾ ಇಲ್ಲ ಎಂದ ಮಾತ್ರಕ್ಕೆ ಇವುಗಳ ಪುಡಿ ವಿಭೂತಿಯಾಗುವುದಿಲ್ಲ.

ಹಾಗಾದರೆ ಕೊಳ್ಳುವುದೇನು? ವಾಗ್ವಾದದಲ್ಲಿ ಗೆದ್ದು ಸುಮ್ಮನಾಗುವುದು ನನಗೆ ಇಷ್ಟವಿಲ್ಲ, ಆದ್ದರಿಂದ ನಮ್ಮ ಮುಂದೆ ನಾನಿಟ್ಟ ಲೆಕ್ಕವನ್ನೇ ಇಲ್ಲಿಡುತ್ತೇನೆ.

ಮೊದಲು ಉಸಿರು. ಫಿಲ್ಟರ್ ಬದಲಿಸಬಹುದಾದ ಅರ್ಧಮುಖದ ರಬ್ಬರ್ ಮಾಸ್ಕ್ ತಲೆಗೊಂದು. ಅದು ಆಗದಿದ್ದರೆ ಕನಿಷ್ಠ ಐಎಸ್ 9473 ಗುರುತಿನ ಎಫ್‌ಎಫ್‌ಪಿ2 ಮಾಸ್ಕ್. ಗಡ್ಡವಿದ್ದರೆ ಯಾವ ಮಾಸ್ಕೂ ಮುಖಕ್ಕೆ ಅಂಟಿ ಕೂರುವುದಿಲ್ಲ. ನಮ್ಮಲ್ಲಿ ಇಬ್ಬರಿಗೆ ಗಡ್ಡ, ಅದರಲ್ಲೊಂದು ಸಂಶೋಧನಾರ್ಥಿಯ ಗಡ್ಡ. ಅದು ಹೋಯಿತು. ಪಟ್ಟಿ ಕೆಳಗಿಳಿಯುವ ಜಾಗದಲ್ಲಿ ತಗಡಿನ ಬಾಯಿ, ಅದಕ್ಕೆ ಲೋಹದ ಕೊಳವೆ ಮತ್ತು ಫ್ಯಾನು, ಕಿಡಿ ಬೀಳುವಲ್ಲಿ ನೀರಿನ ಬಕೆಟ್ಟು. ಬಟ್ಟೆಚೀಲದ ವ್ಯಾಕ್ಯೂಮ್ ಕ್ಲೀನರನ್ನು ಕಿಡಿಯ ಮುಂದೆ ಇಡಲೇಬಾರದು. ಅದರೊಳಗೆ ಮರದ ಪುಡಿಯಿದ್ದು ಮೇಲೆ ಉಕ್ಕಿನ ಕಿಡಿ ಬಿದ್ದರೆ ಬೆಂಕಿ ಹೊತ್ತುತ್ತದೆ. ಕೆಲಸ ಮುಗಿದ ಮೇಲೆ ಪೊರಕೆ ಬೇಡ, ಒದ್ದೆ ಬಟ್ಟೆ. ಮನೆಗೆ ಹೋಗುವ ಮುನ್ನ ಅಂಗಿ ಬದಲಿಸುವುದು.

ಎರಡನೆಯದು ಮೋಟಾರು ಮತ್ತು ವೇಗ. ಒಂದೂವರೆ, ಎರಡು ಕುದುರೆಶಕ್ತಿ ಸಾಕು. ಮೈಯೆಲ್ಲ ಮುಚ್ಚಿದ ಮೋಟಾರೇ ಬೇಕು, ತೆರೆದ ಮೋಟಾರು ಕಬ್ಬಿಣದ ಪುಡಿಯನ್ನು ಒಳಗೆಳೆದುಕೊಂಡು ಸಾಯುತ್ತದೆ. ನಿಮಿಷಕ್ಕೆ 1440 ಸುತ್ತಿನ ಮೋಟಾರಿಗೆ ನಾಲ್ಕು ಇಂಚಿನ ಚಕ್ರ ಹಾಕಿದರೆ ಪಟ್ಟಿ ಸೆಕೆಂಡಿಗೆ ಸುಮಾರು ಏಳೂವರೆ, ಎಂಟು ಮೀಟರ್ ಓಡುತ್ತದೆ. ಕಲಿಯುವವರಿಗೆ ಇದು ಧಾರಾಳ. ವೇಗ ಏರಿಳಿಸುವ ವಿಎಫ್‌ಡಿ ಇದ್ದರೆ, ಒರಟು ಕೆಲಸಕ್ಕೆ ಜೋರಾಗಿ, ಮೊನೆಯ ಬಳಿ ನಿಧಾನವಾಗಿ ಓಡಿಸಬಹುದು. ಮನೆಯ ಸಿಂಗಲ್ ಫೇಸ್‌ನಿಂದ ನಡೆಯುವ ವಿಎಫ್‌ಡಿ ಮೋಟಾರಿಗೆ ಕೊಡುವುದು 230 ವೋಲ್ಟಿನ ತ್ರೀ ಫೇಸ್. ಇಲ್ಲಿ ಸಿಗುವ ಚಿಕ್ಕ ತ್ರೀ ಫೇಸ್ ಮೋಟಾರುಗಳು ಸಾಮಾನ್ಯವಾಗಿ 415 ವೋಲ್ಟಿಗೆ ಸ್ಟಾರ್ ಜೋಡಣೆಯಲ್ಲಿರುತ್ತವೆ. ಡಬ್ಬಿ ಬಿಚ್ಚಿಸಿ, ಆರೂ ತಂತಿ ಹೊರಗೆ ಬಂದಿವೆಯೇ ಎಂದು ನೋಡಬೇಕು. ಬಂದಿದ್ದರೆ ಡೆಲ್ಟಾಗೆ ಬದಲಿಸಬಹುದು. ಮೂರೇ ಇದ್ದರೆ ಆ ಮೋಟಾರು ಎಷ್ಟೇ ಅಗ್ಗವಾಗಿರಲಿ, ನಮಗಲ್ಲ. ಜೋಡಣೆ ಬದಲಿಸುವುದು ಬಲ್ಲ ಎಲೆಕ್ಟ್ರಿಷಿಯನ್ ಕೆಲಸ, ಪಿಎಚ್.ಡಿ.ಯವರದಲ್ಲ.

ಮೂರನೆಯದು ಪಟ್ಟಿಗಳು. ಹೆಚ್ಚಿನವರು ಯಂತ್ರಕ್ಕೆ ಸುರಿದು ಪಟ್ಟಿಗೆ ಬಂದಾಗ ಜುಗ್ಗರಾಗುತ್ತಾರೆ. ಸವೆದ ಪಟ್ಟಿ ಕತ್ತರಿಸುವುದಿಲ್ಲ, ಬರೀ ತಿಕ್ಕುತ್ತದೆ. ತಿಕ್ಕಿದರೆ ಬಿಸಿ. ಹದ ಕೊಟ್ಟ ಕಾರ್ಬನ್ ಉಕ್ಕಿನ ಮೊನೆ 300 ಡಿಗ್ರಿಯ ಹತ್ತಿರ ನೀಲಿಗಟ್ಟುತ್ತದೆ, ಅಲ್ಲಿಗೆ ಹದ ಹೋದಂತೆ. ಕಮ್ಮಾರನ ಅಷ್ಟೂ ಶ್ರಮ ಅರೆಕ್ಷಣದಲ್ಲಿ ಹಾಳು. 40, 60ರ ಒರಟು ಸೆರಾಮಿಕ್ ಪಟ್ಟಿ, ಆಮೇಲೆ 120, 220, 400. ಪಕ್ಕದಲ್ಲಿ ನೀರು, ಉಜ್ಜಿದಾಗಲೆಲ್ಲ ಅದ್ದಬೇಕು. ಕೈಗವಸಿಲ್ಲದ ಬೆರಳಿಗೆ ಬಿಸಿ ತಾಗಿದರೆ ಅಲಗಿಗೂ ತಾಗುತ್ತಿದೆ ಎಂದರ್ಥ.

ಕೊನೆಯದು ಅಟ್ಯಾಚ್‌ಮೆಂಟ್. ಚಪ್ಪಟೆ ಪ್ಲೇಟನ್ ಒಂದು, ಗಟ್ಟಿಯಾದ ಮೇಜು ಒಂದು. ಮೊದಲ ವರ್ಷಕ್ಕೆ ಇಷ್ಟೇ. ದೊಡ್ಡ ಚಕ್ರ, ಚಿಕ್ಕ ಚಕ್ರ, ಮಲಗುವ ಕೀಲು ಆಮೇಲೆ ಸೇರಿಸಬಹುದು, ಯಂತ್ರದ ಚೌಕಟ್ಟು ಅದಕ್ಕೆ ಎಡೆ ಕೊಡುವಂಥದ್ದಾದರೆ ಸಾಕು. ಐದು ಅಳತೆಯ ಚಿಕ್ಕ ಚಕ್ರಗಳು ಇವತ್ತಿಗೆ ಬೇಡ. ಆ ದುಡ್ಡು ತಗಡಿನ ಕೊಳವೆಗೆ.

ಇಷ್ಟು ಹೇಳಿದ್ದಕ್ಕೆ ನನಗೆ ಸಿಕ್ಕ ಬಿರುದು ‘ಆರೋಗ್ಯ ಇಲಾಖೆ’.

ಈಗ ನನ್ನ ಓದುಗರಾದ ಸಾಹಿತ್ಯದ ಗೆಳೆಯರ ಕಡೆ ತಿರುಗುತ್ತೇನೆ. ಸಾಹಿತ್ಯ ಪತ್ರಿಕೆಯಲ್ಲಿ ಮೋಟಾರಿನ ತಂತಿ ಎಣಿಸುವುದು ಯಾಕೆ ಎಂದು ನೀವು ಇಷ್ಟರಲ್ಲಿ ಕೇಳಿರುತ್ತೀರಿ. ಯಾಕೆಂದರೆ ಸಾಣೆ, ಅಲಗು, ಮೊನೆ, ಹದ, ಕುಲುಮೆ, ಒರೆಗಲ್ಲು ಈ ಮಾತುಗಳಿಲ್ಲದೆ ನಾವು ಒಂದು ವಿಮರ್ಶೆಯನ್ನೂ ಬರೆಯಲಾರೆವು. ಇವೆಲ್ಲ ಕೋಣೆಗಳಿಂದ ಸಾಲ ತಂದ ಮಾತುಗಳು. ಕನ್ನಡ ಸಾಹಿತ್ಯ ಪರಿಷತ್ತು 1915ರಲ್ಲಿ ಹುಟ್ಟಿ, ಇದೇ ಚಾಮರಾಜಪೇಟೆಯಲ್ಲಿ ನೆಲೆಸಿದೆ. ಅಲ್ಲಿನ ಗೋಷ್ಠಿಗಳಿಗೆ ನಾನು ನಡೆದು ಹೋಗುವ ದಾರಿಯಲ್ಲಿ ಲೇತು, ವೆಲ್ಡಿಂಗು, ಸಾಣೆಯ ಸದ್ದು ಕೇಳಿಸುತ್ತದೆ. ಸಾಲ ಕೊಟ್ಟವನ ಮನೆ ಅಷ್ಟು ಹತ್ತಿರ. ಅವನ ಕೆಮ್ಮು ಮಾತ್ರ ನಮ್ಮ ಮೈಕಿಗೆ ಸಿಕ್ಕಿಲ್ಲ.

ಸಿಕ್ಕಾಗಲೂ ಎರಡು ರೀತಿಯಲ್ಲಿ ಮಾತ್ರ ಸಿಗುತ್ತದೆ. ಒಂದು ಹೆಮ್ಮೆ. ಇಂಗ್ಲಿಷಿನ ‘ವೂಟ್ಸ್’ ನಮ್ಮ ‘ಉಕ್ಕು’ವಿನಿಂದ ಬಂದದ್ದೆಂದು ಹೆಚ್ಚಿನವರು ಹೇಳುತ್ತಾರೆ. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಅದರ ಬಗ್ಗೆ ಪ್ರಬಂಧ ಮಂಡಿಸಿದ. ಆಮೇಲೆ ಮೈಕೆಲ್ ಫ್ಯಾರಡೆ, ಜೇಮ್ಸ್ ಸ್ಟೊಡಾರ್ಟ್ ಎಂಬ ಚಾಕು ತಯಾರಕನ ಜೊತೆ ಸೇರಿ ಉಕ್ಕಿನ ಮೇಲೆ ಪ್ರಯೋಗ ಮಾಡಿದ. ಇದನ್ನು ನಾವು ನವೆಂಬರಿನಲ್ಲಿ ಪ್ರತಿವರ್ಷ ಹೇಳಿಕೊಳ್ಳುತ್ತೇವೆ. ಮೂಸೆಯ ಮುಂದೆ ಕೂತು ತಿದಿ ಒತ್ತಿದವನು ಎಷ್ಟು ವರ್ಷ ಬದುಕಿದ ಎಂದು ಕೇಳಿಕೊಂಡದ್ದಿಲ್ಲ.

ಇನ್ನೊಂದು ಹಳಹಳಿಕೆ. ಸೈಕಲ್ಲಿನ ಪೆಡಲು ತುಳಿದು ಚಾಕು ಸಾಣೆ ಹಿಡಿಯುತ್ತಿದ್ದವನು ಮಲ್ಲೇಶ್ವರದ ಅಡ್ಡರಸ್ತೆಗಳಿಂದ ಮರೆಯಾದ ಎಂದು ಬರೆದ ಪ್ರಬಂಧಗಳನ್ನು ನಾನೇ ಸಾಕಷ್ಟು ಓದಿದ್ದೇನೆ. ಅವನ ಕೂಗು, ಅವನ ಚಕ್ರ, ಬಾಲ್ಯದ ಮಧ್ಯಾಹ್ನ, ಅಜ್ಜಿಯ ಈಳಿಗೆಮಣೆ. ಅವನು ತನ್ನ ಮಗನಿಗೆ ಆ ಕೆಲಸ ಬೇಡ ಎಂದಿರಬಹುದು, ಅದೇ ಕಾರಣಕ್ಕೆ ಮರೆಯಾಗಿರಬಹುದು ಎಂಬ ಸಾಧ್ಯತೆಗೆ ಅಂಥ ಪ್ರಬಂಧದಲ್ಲಿ ಎಡೆಯಿಲ್ಲ. ನಮ್ಮ ಮಾವ ತಮ್ಮ ಮಗನನ್ನು ಆ ಕೋಣೆಯ ಹೊಸ್ತಿಲು ದಾಟಲು ಬಿಡಲಿಲ್ಲ.

ಹಿಂದಿನವರು ಹೀಗಿರಲಿಲ್ಲ ಎಂದು ನನಗೆ ಅನಿಸುತ್ತದೆ. ಶರಣರ ಕಥೆಗಳಲ್ಲಿ ಮೇದಾರ ಕೇತಯ್ಯನದು ಒಂದು. ಬಿದಿರು ಕಡಿಯುವಾಗ ಅದು ಅವನ ಎದೆಗೆ ನಾಟಿತು ಎಂದು ಕಥೆ ಹೇಳುತ್ತದೆ. ಕಾಯಕವನ್ನು ಕೊಂಡಾಡಿದ ಪರಂಪರೆಯೇ ಕಾಯಕದ ಗಾಯವನ್ನೂ ನೆನಪಿಟ್ಟುಕೊಂಡಿತು. ಕಾಯಕದಲ್ಲಿ ಕಾಯವಿದೆ. ನಮ್ಮ ವಿಚಾರಸಂಕಿರಣಗಳಲ್ಲಿ ಮಾತ್ರ ಅದು ತತ್ತ್ವವಾಗಿ, ಪಠ್ಯವಾಗಿ ಮಿಕ್ಕಿದೆ.

ಕಾನೂನು ನೋಡಿಕೊಳ್ಳುತ್ತದೆ ಎನ್ನುವವರಿಗೂ ಒಂದು ಮಾತು. 1948ರ ಕಾರ್ಖಾನೆ ಕಾಯ್ದೆ ಧೂಳನ್ನು ಹುಟ್ಟಿದ ಜಾಗದಲ್ಲೇ ಹಿಡಿದು ಹೊರಹಾಕಬೇಕು ಎನ್ನುತ್ತಿತ್ತು. ಆದರೆ ವಿದ್ಯುತ್ ಬಳಸುವ ಕಡೆ ಹತ್ತು ಜನ ದುಡಿದರೆ ಮಾತ್ರ ಅದು ಕಾರ್ಖಾನೆ ಎನಿಸುತ್ತಿತ್ತು. 2020ರಲ್ಲಿ ಸಂಸತ್ತು ಒಪ್ಪಿದ ಹೊಸ ಸಂಹಿತೆ ಆ ಗಡಿಯನ್ನು ಇಪ್ಪತ್ತಕ್ಕೆ ಏರಿಸಿತು. ಮೂರು ಜನರ ಕೋಣೆ ಹಿಂದೆಯೂ ಲೆಕ್ಕಕ್ಕಿರಲಿಲ್ಲ, ಈಗ ಇನ್ನೂ ದೂರ. ನಮ್ಮ ನಾಲ್ವರ ಶೆಡ್ಡಂತೂ ಹವ್ಯಾಸ. ಅದಕ್ಕೆ ಇನ್‌ಸ್ಪೆಕ್ಟರು ನಾವೇ.

ನನ್ನ ಮೇಲಿನ ಆಕ್ಷೇಪಗಳಲ್ಲಿ ಒಂದಕ್ಕೆ ಉತ್ತರ ಕೊಡಲೇಬೇಕು. “ಇಷ್ಟು ಭಯವಿದ್ದರೆ ಯಂತ್ರವೇ ಬೇಡ, ಅರದಲ್ಲೇ ಮಾಡು, ಅದೇ ಶುದ್ಧ” ಎಂದರು. ಅರ ಒಳ್ಳೆಯದೇ. ಅದರ ಪುಡಿ ದಪ್ಪ, ಹೆಚ್ಚುಪಾಲು ತೇಲದೆ ಬೀಳುತ್ತದೆ. ದುಡ್ಡಿಲ್ಲದ ವಿದ್ಯಾರ್ಥಿಗೆ ನಾನು ಹೇಳುವುದೂ ಅದನ್ನೇ: ಒಂದು ವೈಸ್, ಎರಡು ಅರ, ಮೊದಲ ಮೂರು ಚಾಕು ಹಾಗೇ ಮಾಡು. ಆದರೆ ‘ಶುದ್ಧ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕೈಯಿಂದ ಮಾಡಿದ್ದು ಶುದ್ಧ, ಯಂತ್ರದ್ದು ಮೈಲಿಗೆ ಎಂಬುದು ಯಂತ್ರದ ಮುಂದೆ ನಿಲ್ಲಬೇಕಾಗಿಲ್ಲದವರ ನಂಬಿಕೆ. ದಿನಕ್ಕೆ ಎಂಬತ್ತು ಚಾಕು ಹರಿತ ಮಾಡಬೇಕಾದವನಿಗೆ ಅರದ ಉಪದೇಶ ಮಾಡಿ ನೋಡಿ. ಅವನಿಗೆ ಬೇಕಾದದ್ದು ಯಂತ್ರ, ಅದರ ಬಾಯಿಗೊಂದು ಕೊಳವೆ.

ಇನ್ನೂ ಒಂದಿದೆ. ಹಳೆಯ ಬೆಂಗಳೂರಿನ ಈ ಬೀದಿಗಳಲ್ಲಿ ಗೋಡೆಗೆ ಗೋಡೆ ಅಂಟಿದೆ. ನಮ್ಮ ಶೆಡ್ಡಿನ ಹಿಂದಿನ ಮನೆಯವರು ತಾರಸಿಯ ಮೇಲೆ ಸಂಡಿಗೆ ಒಣಗಿಸುತ್ತಾರೆ. ನಾವು ಫ್ಯಾನಿಟ್ಟು ಧೂಳನ್ನು ಸುಮ್ಮನೆ ಹೊರಗೆ ತಳ್ಳಿದರೆ ಅದು ಅವರ ಸಂಡಿಗೆಗೆ ಕೂರುತ್ತದೆ. ಆದ್ದರಿಂದ ಕೊಳವೆಯ ತುದಿಗೆ ಫಿಲ್ಟರೂ ಬೇಕು, ಅದಕ್ಕೂ ದುಡ್ಡು ಬೇಕು. ಗೆಳೆಯರ ಮುಖ ಇನ್ನಷ್ಟು ಸಣ್ಣದಾಯಿತು.

ಮತ ಹಾಕಿದೆವು. ಎರಡಕ್ಕೆ ಎರಡು. ಕೊನೆಗೆ ಮಾವನನ್ನೇ ಒಂದು ಭಾನುವಾರ ಶೆಡ್ಡಿಗೆ ಕರೆದುಕೊಂಡು ಬಂದೆ. ನನ್ನ ಪರವಾಗಿ ಭಾಷಣ ಮಾಡುತ್ತಾರೆ ಎಂದುಕೊಂಡಿದ್ದೆ. ಅವರು ಮಾಡಲಿಲ್ಲ. ಪಟ್ಟಿಯಲ್ಲಿದ್ದ ಚಿಕ್ಕ ಚಕ್ರಗಳ ಚಿತ್ರ ನೋಡಿ ಕಣ್ಣು ಅರಳಿಸಿದರು, “ಇದು ನಮ್ಮ ಕಾಲಕ್ಕಿದ್ದಿದ್ದರೆ ಕತ್ತರಿ ಹಿಡಿ ಎಷ್ಟು ಸುಲಭವಾಗುತ್ತಿತ್ತು” ಎಂದರು. ಗೆಳೆಯರು ನನ್ನ ಕಡೆ ನೋಡಿ ನಕ್ಕರು. ಆಮೇಲೆ ಅವರು ಶೆಡ್ಡಿನ ಮಧ್ಯೆ ನಿಂತು, ಉಸಿರು ಸುಧಾರಿಸಿಕೊಂಡು, ಕೇಳಿದರು: “ಗಾಳಿ ಯಾವ ಕಡೆಯಿಂದ ಬರುತ್ತೆ?”

ಯಾರಿಗೂ ಗೊತ್ತಿರಲಿಲ್ಲ. ವರ್ಷದಿಂದ ಅಲ್ಲಿ ಕೆಲಸ ಮಾಡುತ್ತಿದ್ದೆವು. ಅವರು ಊದಿನಕಡ್ಡಿ ಹಚ್ಚಿಸಿ ತರಿಸಿ, ಮೂರು ಮೂಲೆಯಲ್ಲಿ ಹಿಡಿದು ಹೊಗೆ ಎತ್ತ ಹೋಗುತ್ತದೆ ಎಂದು ತೋರಿಸಿದರು. ಹೊಗೆ ಯಂತ್ರ ಇಡಬೇಕೆಂದಿದ್ದ ಜಾಗದಿಂದ ನೇರ ನಿಲ್ಲುವವನ ಮುಖಕ್ಕೆ ಬರುತ್ತಿತ್ತು.

ಚಿಕ್ಕ ಚಕ್ರಗಳನ್ನು ಪಟ್ಟಿಯಿಂದ ಶಿಲ್ಪಿ ಗೆಳೆಯನೇ ಹೊಡೆದು ಹಾಕಿದ. ಯಂತ್ರ ಮುಂದಿನ ತಿಂಗಳು ಬರುತ್ತದೆ, ಕೊಳವೆಯ ಕೆಲಸ ಈ ವಾರ ಶುರು. ಮಾಸ್ಕುಗಳು ಬಂದಿವೆ, ಗಡ್ಡ ಹೋಗಿದೆ.

ಮುಂದಿನ ಪುಸ್ತಕ ಬಿಡುಗಡೆಯಲ್ಲಿ ಯಾರಾದರೂ ‘ಸಾಣೆ ಹಿಡಿದ ಗದ್ಯ’ ಎಂದರೆ ನಾನು ಕೈ ಎತ್ತಿ ಕೇಳುವವನಿದ್ದೇನೆ, ಆ ಧೂಳು ಯಾರ ಎದೆಗೆ ಹೋಯಿತು ಸ್ವಾಮಿ ಎಂದು. ಅಧಿಕಪ್ರಸಂಗ ಎಂದು ನೀವು ಅಂದುಕೊಂಡರೂ ಸರಿ.